ಸೂಜಿಬಾಗಿಲು

ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಎಡ್ನಾ ಟೆಲ್ಫರ್ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಗಂಡನ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಳು. ಗಂಡ ನಾರ್ಮನ್ ಸತ್ತು ಆರು ದಿನವಾಗಿತ್ತು. ಎಡಗಾಲಿನದು ಮುಗಿದು ಬಲಗಾಲಿನದನ್ನು ಕೈಗೆತ್ತಿಕೊಂಡಾಗ ಮಗಳು ಮ್ಯೂರಿಯಲ್ ಒಳಗೆ ಬಂದಳು.

"ಅಮ್ಮಾ, ಅದು ಯಾರಿಗೆ?"

ಎಡ್ನಾ ಬೂಟನ್ನು ನೋಡಿದಳು. ನಾರ್ಮನ್ ಮುಂದಿನ ಕೋಣೆಯಲ್ಲಿದ್ದ. ಹಿಂದಿನ ಸಂಜೆಯೇ ಶವಪೆಟ್ಟಿಗೆ ಬಂದಿತ್ತು. ಶವಸಂಸ್ಕಾರದ ಏರ್ಪಾಟು ನೋಡಿಕೊಳ್ಳುವ ಲಿಡ್ಡೆಲ್ ಅವನಿಗೆ ಕಾಲುಚೀಲ ಹಾಕಿದ್ದ. ಬೂಟು ಬೇಕಾಗುವುದಿಲ್ಲ ಎಂದಿದ್ದ.

"ಗುರುವಾರ ಅಲ್ವಾ," ಎಂದಳು ಎಡ್ನಾ. ಗುರುವಾರ ಪಾಲಿಶ್ ಹಚ್ಚುವ ದಿನ. ಒಂದು ಹೊಳೆದು ಇನ್ನೊಂದು ಮಂಕಾಗಿರುವುದು ಸರಿಯಲ್ಲವೆಂದು ಬಲಗಾಲಿನದನ್ನೂ ಮುಗಿಸಿ ಎರಡನ್ನೂ ಒಲೆಯ ಪಕ್ಕ ಇಟ್ಟಳು. ಕೈ ತೊಳೆದಳು. ಅಳು ಬರುತ್ತದೆಂದು ಆರು ದಿನದಿಂದ ಎಲ್ಲರೂ ಹೇಳುತ್ತಿದ್ದರು. ಬಂದಿರಲಿಲ್ಲ.

ಎಂಟೂಮುಕ್ಕಾಲಿಗೆ ಬಾಗಿಲು ತಟ್ಟಿದ್ದು ಕೋಟೆಯ ಮ್ಯಾನೇಜರ್ ಮಿಸ್ ಹಾಸ್ವೆಲ್. ವಯಸ್ಸು ಮೂವತ್ತೊಂದು. ಥ್ರಾಪ್‌ವಿಕ್‌ಗೆ ಬಂದು ಹದಿನಾಲ್ಕು ತಿಂಗಳಾಗಿತ್ತು.

"ಮಿಸೆಸ್ ಟೆಲ್ಫರ್, ಹೊತ್ತಲ್ಲದ ಹೊತ್ತಲ್ಲಿ ಬಂದೆ. ಒಂದು ವಿಷಯ ಹೇಳೋದಿತ್ತು."

"ಕೂತ್ಕೊಳ್ಳಿ."

ಆಕೆ ಕೂರಲಿಲ್ಲ. "ಕೋಟೆ ಎಸ್ಟೇಟಿನವರು ಒಪ್ಪಿದಾರೆ. ಇವತ್ತು ಉತ್ತರದ ಬಾಗಿಲು ತೆಗೀತೀವಿ. ಮಿಸ್ಟರ್ ಟೆಲ್ಫರ್ ಮೂವತ್ತು ವರ್ಷ ಕಾದ ಬಾಗಿಲು. ಅವರನ್ನ ಕೋಟೆ ಒಳಗಿಂದಾನೇ ಚರ್ಚಿಗೆ ತಗೊಂಡು ಹೋಗಬಹುದು. ರಸ್ತೆ ಸುತ್ತೋದು ಬೇಡ."

"ನೋಡಮ್ಮ, ಅಪ್ಪನಿಗೆ ಎಂಥ ಮರ್ಯಾದೆ," ಎಂದಳು ಮ್ಯೂರಿಯಲ್. ಅವಳ ಕಣ್ಣು ತುಂಬಿತ್ತು.

"ಎಷ್ಟು ವರ್ಷ ಆಯ್ತು, ಅಲ್ಲಿಂದ ಪೆಟ್ಟಿಗೆ ಹೋಗಿ?" ಎಂದು ಎಡ್ನಾ ಕೇಳಿದಳು.

"ಅರವತ್ತೇಳರಲ್ಲಿ ಕೊನೇದು. ಕೋಟೆ ಪುಸ್ತಕದಲ್ಲಿ ನೋಡಿದೆ."

"ಅರವತ್ತೆಂಟರಲ್ಲಿ ಏನು ಬರೆದಿದೆ?"

"ಅರವತ್ತೆಂಟರಲ್ಲಿ ಏನೂ ಇಲ್ಲ."

ಎಡ್ನಾ ತಲೆಯಾಡಿಸಿದಳು. ಮಿಸ್ ಹಾಸ್ವೆಲ್ ಚೀಲದಿಂದ ಒಂದು ಬಿಳಿ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಒಂದು ಗುಂಡುಸೂಜಿ ಇತ್ತು, ಹೊಸದು.

"ಇದು ನಿಮಗೆ ಗೊತ್ತೇ ಇರುತ್ತೆ. ಬಾಗಿಲ ಹತ್ರ ನನ್ನ ಕೈಗೆ ಕೊಟ್ರೆ ಸಾಕು. ಒಂದು ಫೋಟೊ ತೆಗೀತಾರೆ, ಅಷ್ಟೇ."

"ಕೊಡದಿದ್ರೆ?"

ಮಿಸ್ ಹಾಸ್ವೆಲ್ ನಕ್ಕಳು, ಅರ್ಧದಲ್ಲಿ ನಿಲ್ಲಿಸಿದಳು. "ಕೊಡಲೇಬೇಕು ಅಂತ ಮೇಲಿನವರು ಹೇಳಿದಾರೆ, ಮಿಸೆಸ್ ಟೆಲ್ಫರ್."

ಆಕೆ ಹೋದ ಮೇಲೆ ಮ್ಯೂರಿಯಲ್ ಆ ಸೂಜಿಯನ್ನು ತಾಯಿಯ ಕಪ್ಪು ಕೋಟಿನ ಕಾಲರಿಗೆ ಚುಚ್ಚಿದಳು, ಕಳೆದುಹೋಗದಿರಲಿ ಎಂದು.

*

ಥ್ರಾಪ್‌ವಿಕ್‌ನಲ್ಲಿ ಊರು ಕೋಟೆಯ ಒಂದು ಮಗ್ಗುಲಿಗಿದೆ, ಚರ್ಚು ಇನ್ನೊಂದು ಮಗ್ಗುಲಿಗೆ. ಉತ್ತರದ ಬಾಗಿಲಿನಿಂದ ಹೊಕ್ಕು ಹೊರ ಅಂಗಳ ದಾಟಿದರೆ ಚರ್ಚಿಗೆ ಇನ್ನೂರು ಗಜ. ರಸ್ತೆ ಹಿಡಿದು ಸುತ್ತಿದರೆ ಮುಕ್ಕಾಲು ಮೈಲಿ, ಅದೂ ಏರುದಾರಿ.

ಹೆಣ ಹೋದ ದಾರಿ ಊರಿನ ದಾರಿ ಎಂಬುದು ಅಲ್ಲಿನವರ ಮಾತು. ಒಂದು ಜಾಗದ ಮೇಲೆ ಒಮ್ಮೆ ಶವ ಹಾದುಹೋಯಿತೆಂದರೆ ಅಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಎಂದೆಂದಿಗೂ ಸಿಕ್ಕಿತು ಎಂದು ಲೆಕ್ಕ. ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲ. ಆದರೂ ಊರಿನವರು ನಂಬಿದ್ದರು, ಕೋಟೆಯ ಒಡೆಯರೂ ನಂಬಿದ್ದರು. ಗುಂಡುಸೂಜಿಯ ಪದ್ಧತಿ ಬಂದದ್ದು ಈ ನಂಬಿಕೆಯಿಂದಲೇ. ಸತ್ತವರ ಮನೆಯವರು ಬಾಗಿಲಲ್ಲಿ ನಿಂತು ಕಾವಲಿನವನ ಕೈಗೆ ಒಂದು ಸೂಜಿ ಕೊಡಬೇಕು. ಅವನು ಅದನ್ನು ಬಾಗಿಲಿನ ಮರಕ್ಕೆ ಸಣ್ಣ ಸುತ್ತಿಗೆಯಿಂದ ಹೊಡೆಯಬೇಕು. ಕೇಳಿಕೊಂಡು ಹೋದೆವು, ಹಕ್ಕಿನಿಂದ ಹೋಗಲಿಲ್ಲ ಎಂದು ಅದರ ಅರ್ಥ. ಎದೆಯೆತ್ತರದಲ್ಲಿ ಆ ಮರ ತುಕ್ಕು ಹಿಡಿದು ಕೆಂಪಗಾಗಿತ್ತು. ಊರಿನವರು ಅದನ್ನು ಸೂಜಿಬಾಗಿಲು ಎಂದೇ ಕರೆಯುತ್ತಿದ್ದರು.

ನಾರ್ಮನ್ 1949ರಲ್ಲಿ ಅಲ್ಲಿನ ಕಾವಲಿಗೆ ಸೇರಿದ. ಬೀಗದಕೈ ಗೊಂಚಲು, ಟಿಕೆಟ್ ಪುಸ್ತಕ, ಬಾಗಿಲಿಗೆ ಅಂಟಿದಂತೆ ಒಳಮಗ್ಗುಲಲ್ಲಿ ಕೆಳಗೊಂದು ಮೇಲೊಂದು ಎರಡು ಕೋಣೆಯ ಮನೆ. ಕೆಲಸ ಇರುವವರೆಗೆ ಮನೆ. ಹತ್ತೊಂಬತ್ತು ವರ್ಷದಲ್ಲಿ ಅವನು ನಲವತ್ತೊಂದು ಸೂಜಿ ಹೊಡೆದ. ಯಾವುದು ಯಾರದೆಂದು ಹೇಳಬಲ್ಲವನಾಗಿದ್ದ. ಅರವತ್ತೆಂಟರಿಂದ ಒಂದನ್ನೂ ಹೊಡೆಯಲಿಲ್ಲ.

ನಿವೃತ್ತಿಯಾದ ಮೇಲೆ ಸೇತುವೆ ಬೀದಿಯಲ್ಲಿ ಪುರಸಭೆಯ ಮನೆ ಸಿಕ್ಕಿತು. ಅಲ್ಲಿಂದ ಹದಿನೈದು ವರ್ಷ, ಪ್ರತಿ ಭಾನುವಾರ, ಅವನು ಚರ್ಚಿಗೆ ರಸ್ತೆ ಸುತ್ತಿಕೊಂಡೇ ನಡೆದ. ಮಂಡಿ ಹೋದ ಮೇಲೆ ಎರಡು ಕೋಲು ಹಿಡಿದು ನಡೆದ. ನೀವು ಕೇಳಿದರೆ ಕೋಟೆಯವರು ಬಾಗಿಲು ತೆಗೆಯುವುದಿಲ್ಲವೇ ಎಂದು ಮ್ಯೂರಿಯಲ್ ಒಮ್ಮೆ ಅಂದಿದ್ದಳು. "ತೆಗೀತಾರೆ," ಎಂದಿದ್ದ ನಾರ್ಮನ್, ಮತ್ತು ಕೋಲು ಎತ್ತಿಕೊಂಡಿದ್ದ.

*

ಒಂಬತ್ತೂವರೆಗೆ ಮನೆ ತುಂಬಿತು. ಎಡ್ನಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಯಾರೋ ಕೈಗೆ ಟೀ ಕೊಟ್ಟರು, ಅದು ಆರಿತು. ಇನ್ನೊಬ್ಬರು ಅದನ್ನು ತೆಗೆದು ಬಿಸಿಯದು ಕೊಟ್ಟರು.

ಕೋಟೆಯ ಗೋಡೆ ರಿಪೇರಿ ಮಾಡುತ್ತಿದ್ದ ಮುದಿ ಗಾರೆಯವ ಆಲ್ಫ್ ಡಾಡ್ಸ್ ಸ್ಯಾಂಡ್‌ವಿಚ್ ಹಿಡಿದು ಪೆಟ್ಟಿಗೆಯ ಕಡೆ ತೋರಿಸಿದ.

"ಬರೋ ಪ್ರವಾಸಿಗಳು ಕೇಳ್ತಿದ್ದಿದ್ದು ಎರಡೇ ಪ್ರಶ್ನೆ. ಶೌಚಾಲಯ ಎಲ್ಲಿ, ದೆವ್ವ ಎಲ್ಲಿ. ಇವನು ಮುಖ ಸಡಿಲ ಮಾಡದೆ ಹೇಳೋನು, ಶೌಚಾಲಯ ಎಡಕ್ಕೆ, ದೆವ್ವ ರಜಾ ಹಾಕಿದೆ."

"ಗೋಪುರಕ್ಕೆ ನೂರಾ ಹನ್ನೆರಡು ಮೆಟ್ಲು ಅಂತಿದ್ರು ಮಾವ," ಎಂದ ಅಳಿಯ ಡೆರೆಕ್. ಅವನು ಬಸ್ಸು ಓಡಿಸುತ್ತಿದ್ದ. "ನಾನು ಎಣಿಸಿದೆ, ನೂರಾ ಹನ್ನೊಂದಿತ್ತು. ಮತ್ತೆ ಹೋಗಿ ಎಣಿಸಿಕೊಂಡು ಬಾ ಅಂದ್ರು. ಹೋದೆ."

"ಎಷ್ಟಿತ್ತು?"

"ಹನ್ನೆರಡು."

ಜನ ನಕ್ಕರು. ಲಿಡ್ಡೆಲ್ ಒಳಗೆ ಬಂದು ಮ್ಯೂರಿಯಲ್‌ಳ ಕಿವಿಯಲ್ಲಿ ಏನೋ ಹೇಳಿದ. ಬಾಗಿಲವರೆಗಿನ ಓಣಿಯಲ್ಲಿ ಗಾಡಿ ಹೋಗುವುದಿಲ್ಲ, ಕವಲಿನಿಂದ ಪೆಟ್ಟಿಗೆಯನ್ನು ಹೊರಬೇಕು. ಅವನ ಕಡೆಯ ನಾಲ್ವರು ಇದ್ದರು, ಡೆರೆಕ್ ಐದನೆಯವ. ಹೆಗಲು ಕೊಡಲು ಇನ್ನೊಬ್ಬ ಬೇಕಿತ್ತು. ನಾರ್ಮನ್‌ನ ಜೊತೆಗಾರರಲ್ಲಿ ಬದುಕಿದ್ದವನು ಆಲ್ಫ್ ಒಬ್ಬನೇ, ಅವನಿಗೆ ಎಂಬತ್ತೊಂದು.

ಆಗ ಎದುರುಮನೆಯ ರಾಲ್ಫ್ ಹೆಡ್ಲಿ ಬಾಗಿಲಲ್ಲಿ ಕಾಣಿಸಿಕೊಂಡ. ಕೊಳಾಯಿ ಕೆಲಸದವನು, ಐವತ್ತೆಂಟು ವರ್ಷ, ಅಗಲ ಹೆಗಲು. ಮಾತು ನಿಂತಿತು. ಹೆಡ್ಲಿಗಳು ಟೆಲ್ಫರ್‌ಗಳ ಹೊಸ್ತಿಲು ತುಳಿದು ಇಪ್ಪತ್ತಾರು ವರ್ಷವಾಗಿತ್ತು. ಒಂದೇ ಬೀದಿಯಲ್ಲಿದ್ದರೂ ಹಾಲಿನ ಬಾಟಲಿ ಎತ್ತಿಕೊಳ್ಳಲು ಒಂದೇ ಹೊತ್ತಿಗೆ ಬಾಗಿಲು ತೆರೆದುಕೊಂಡರೆ ಒಬ್ಬರು ಮುಚ್ಚಿಕೊಳ್ಳುತ್ತಿದ್ದರು.

"ಒಬ್ಬ ಕಮ್ಮಿ ಅಂತ ಕೇಳಿದೆ," ಎಂದ ರಾಲ್ಫ್, ಟೋಪಿ ತೆಗೆಯುತ್ತ. "ಮಿಸೆಸ್ ಟೆಲ್ಫರ್, ನಿಮ್ಮ ಹತ್ರ ಒಂದ್ನಿಮಿಷ ಮಾತಾಡಬೇಕು."

ಅಡುಗೆಮನೆಯಲ್ಲಿ ಅವನು ಒಲೆಯ ಪಕ್ಕದ ಬೂಟುಗಳನ್ನು ಒಮ್ಮೆ ನೋಡಿ ಕಣ್ಣು ತೆಗೆದ.

"ಹೆಗಲು ಕೊಡ್ತೀನಿ. ಒಂದು ಷರತ್ತು. ಆ ಸೂಜಿ ಕೊಡಬೇಡಿ."

ಎಡ್ನಾ ಬಗ್ಗಿ ಬೂಟುಗಳನ್ನು ಗೋಡೆಯ ಕಡೆ ಸರಿಸಿದಳು.

"ಬಾಗಿಲು ತೆಗೆದಿರುತ್ತೆ. ಪೆಟ್ಟಿಗೆ ನಮ್ಮ ಹೆಗಲ ಮೇಲಿರುತ್ತೆ. ಊರೆಲ್ಲ ಹಿಂದೆ ಇರುತ್ತೆ. ಆ ಹುಡುಗಿ ಅಡ್ಡ ನಿಲ್ತಾಳಾ? ನಿಲ್ಲಲ್ಲ. ಸೂಜಿ ಕೊಡದೆ ಒಂದ್ಸಲ ಆ ಕಡೆ ದಾಟಿದ್ರೆ ಮುಗೀತು, ದಾರಿ ನಮ್ಮದು. ಆ ರಸ್ತೇಲಿ ಲಾರಿಗಳು ಹೆಂಗೆ ಬರ್ತವೆ ನಿಮಗೆ ಗೊತ್ತು. ನಡೆಯೋರಿಗೆ ಅಂಚೇ ಇಲ್ಲ. ಮುದುಕೀರು ಚರ್ಚಿಗೆ ಹೋಗೋದು ಬಿಟ್ಟಿದಾರೆ. ಏಳು ವರ್ಷ ಅರ್ಜಿ ಬರೆದೆ. ಒಂದು ಹೆಣ ಮಾಡೋ ಕೆಲಸ ನೂರು ಅರ್ಜಿ ಮಾಡಲ್ಲ."

"ಅದಕ್ಕೆ ಬಂದ್ಯಾ?"

"ಅದಕ್ಕೇ ಬಂದೆ. ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಗಂಡ ಮುಚ್ಚಿದ್ದನ್ನ ಅವರೇ ತೆಗೆದ ಹಾಗಾಗುತ್ತೆ. ಅವರಿಗೂ ಅಷ್ಟು ಒಳ್ಳೇದಾಗ್ಲಿ."

ಮುಂದಿನ ಕೋಣೆಯಿಂದ ಮ್ಯೂರಿಯಲ್‌ಳ ದನಿ ಕೇಳುತ್ತಿತ್ತು: ಹೂವು ಎಲ್ಲಿ, ಯಾರ ಕಾರು ಮುಂದೆ. ಒಬ್ಬರಿಗೆ ಸೂಜಿ ಬೇಕು, ಇನ್ನೊಬ್ಬರಿಗೆ ಬೇಡ. ಪೆಟ್ಟಿಗೆ ಮಾತ್ರ ಇಬ್ಬರಿಗೂ ಬೇಕಾಗಿತ್ತು. ಎಡ್ನಾಳಿಗೆ ಇದು ಸ್ಪಷ್ಟವಾಗಿ ಕಂಡಿತು. ಕಂಡರೂ ಎಲ್ಲಿಯೂ ತಾಕಲಿಲ್ಲ.

"ಹೆಗಲು ಕೊಡೋದಿದ್ರೆ ಕೊಡು ರಾಲ್ಫ್," ಎಂದಳು. "ಸೂಜಿ ವಿಷಯ ನಾನು ನೋಡ್ಕೋತೀನಿ."

*

1968ರ ಫೆಬ್ರವರಿ 6, ಮಂಗಳವಾರ. ರಾತ್ರಿಯಿಡೀ ಹಿಮ ಬಿದ್ದು ರಸ್ತೆ ಕಟ್ಟಿಹೋಗಿತ್ತು. ಹೆಣದ ಗಾಡಿ ಸೇತುವೆಯ ಆಚೆಗೇ ನಿಂತಿತ್ತು. ರಾಲ್ಫ್‌ನ ತಾಯಿ ಇಸೊಬೆಲ್ ಹೆಡ್ಲಿಯನ್ನು ಹೂಳಬೇಕಾಗಿದ್ದ ದಿನ ಅದು.

ಒಂಬತ್ತು ಗಂಟೆಗೆ ಕಾವಲುಮನೆಗೆ ಫೋನು ಬಂತು. ಕೋಟೆಯ ಒಡೆಯರ ಹೊಸ ಏಜೆಂಟ್, ಸೇರಿ ಮೂರು ವಾರವಾಗಿತ್ತು. ನಾರ್ಮನ್ ನೆಟ್ಟಗೆ ನಿಂತು ಮಾತಾಡಿದ. ಆ ಕಡೆಯ ದನಿ ಎಡ್ನಾಳಿಗೂ ಕೇಳುವಷ್ಟು ದೊಡ್ಡದಿತ್ತು.

"ಸೂಜಿ ತಗೊಂಡೇ ಬಿಡೋದು ಸಾರ್, ಯಾವಾಗಲೂ."

"ಸೂಜಿ ಗೀಜಿ ಬೇಡ. ಹಿಮ ಅಂತ ಇವತ್ತು ಬಿಟ್ರೆ ನಾಳೆ ಬಿಸಿಲು ಅಂತ ಬಿಡಬೇಕಾಗುತ್ತೆ. ಯಾವ ಹೆಣವೂ ಒಳಗೆ ಬರಕೂಡದು. ಬಾಗಿಲು ತೆಗೆದ್ಯೋ, ನೀನೂ ಸಾಮಾನು ಕಟ್ಕೊಂಡು ಅದೇ ಬಾಗಿಲಿಂದ ಆಚೆ ನಡಿ."

ಹತ್ತೂಕಾಲಿಗೆ ಅವರು ಬಂದರು. ಬಾಗಿಲಿಗೆ ಕೈ ತೂರುವಷ್ಟು ಒಂದು ಕಿಂಡಿ ಇತ್ತು. ಅದರಲ್ಲಿ ಒಂದು ಬರಿಗೈ ಒಳಗೆ ಬಂತು, ಎರಡು ಬೆರಳ ನಡುವೆ ಗುಂಡುಸೂಜಿ. ಇಸೊಬೆಲ್‌ಳ ಗಂಡ ಟಾಮ್‌ನ ಕೈ.

"ನಾರ್ಮನ್, ತಗೋ."

"ಆಗಲ್ಲ ಟಾಮ್."

"ಏನು ಆಗಲ್ಲ?"

"ಅಪ್ಪಣೆ ಇಲ್ಲ."

"ಇಸೊಬೆಲ್ ಕಣೋ ಇದು." ಕೈ ಹಾಗೇ ಇತ್ತು. ಬೆರಳು ನೀಲಿಗಟ್ಟಿತ್ತು. "ಹುಡುಗರ ಹೆಗಲ ಮೇಲಿದಾಳೆ."

ಎಡ್ನಾ ಮನೆಯ ಹೊಸ್ತಿಲಲ್ಲಿದ್ದಳು, ಗಂಡನಿಂದ ಆರು ಹೆಜ್ಜೆ. ನಾರ್ಮನ್ ಅಗಳಿಗೆ ಕೈ ಹಾಕಿದ್ದನ್ನು ನೋಡಿದಳು. ಅದು ಕಬ್ಬಿಣದ ಅಗಳಿ, ಎರಡು ಕೈ ಬೇಕು. ಅವನು ಎರಡೂ ಕೈ ಹಾಕಿದ. ಅಗಳಿ ಒಂದು ಗೇಣು ಮೇಲೆದ್ದಿತು.

"ನಾರ್ಮನ್," ಎಂದಳು ಎಡ್ನಾ. "ಮನೆ."

ಜೋರಾಗಿ ಹೇಳಲಿಲ್ಲ. ಒಲೆಯ ಮೇಲೆ ಹಾಲಿಟ್ಟಿದೆ ಎನ್ನುವ ದನಿಯಲ್ಲೇ ಹೇಳಿದಳು. ನಾರ್ಮನ್ ತಿರುಗಿ ನೋಡಲಿಲ್ಲ. ಅಗಳಿ ಮತ್ತೆ ಕೆಳಗೆ ಕೂತಿತು. ಸ್ವಲ್ಪ ಹೊತ್ತಿಗೆ ಕಿಂಡಿಯ ಕೈ ಹಿಂದೆ ಹೋಯಿತು. ಅವಳು ಮಹಡಿಯ ಕಿಟಕಿಗೆ ಹೋಗುವಷ್ಟರಲ್ಲಿ ಆರು ಬೆನ್ನುಗಳು ರಸ್ತೆಯ ತಿರುವು ಮುಟ್ಟಿದ್ದವು.

ಗಂಡ ಹೆಂಡತಿ ಆ ಮಾತನ್ನು ಮತ್ತೆ ಎತ್ತಲಿಲ್ಲ. ಊರು ನಾರ್ಮನ್‌ನ ಹೆಸರು ಹಿಡಿದು ಬೈಯಿತು. ಇಪ್ಪತ್ತಾರು ವರ್ಷ ಅವನು ಬೈಸಿಕೊಂಡ. ಒಂದು ದಿನವೂ ಹೆಂಡತಿಯ ಕಡೆ ಬೆರಳು ತೋರಿಸಲಿಲ್ಲ.

*

ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಗಾಡಿ ಕವಲಿನಲ್ಲಿ ನಿಂತಿತು. ಪೆಟ್ಟಿಗೆ ಹೆಗಲಿಗೇರಿತು. ಮುಂದೆ ಎಡಕ್ಕೆ ರಾಲ್ಫ್, ಬಲಕ್ಕೆ ಡೆರೆಕ್. ಹಿಂದೆ ನಲವತ್ತು ಜನರಿದ್ದರು. ಎಡಗಡೆಯ ಓಣಿಯ ಕೊನೆಯಲ್ಲಿ ಬಾಗಿಲಿನ ಎರಡೂ ಕದ ತೆರೆದಿದ್ದವು. ಅಂಗಳದ ಹುಲ್ಲು ಕತ್ತರಿಸಿ ಒಪ್ಪ ಮಾಡಿದ್ದು ಅಲ್ಲಿಂದಲೇ ಕಾಣುತ್ತಿತ್ತು. ಮಿಸ್ ಹಾಸ್ವೆಲ್ ನಡುವೆ ನಿಂತಿದ್ದಳು, ಕೈಯಲ್ಲಿ ಸಣ್ಣ ಸುತ್ತಿಗೆ. ಪಕ್ಕದಲ್ಲಿ ಕ್ಯಾಮೆರಾದವನು.

ಎಡ್ನಾ ಪೆಟ್ಟಿಗೆಯ ಮುಂದೆ ಬಂದು ನಿಂತಳು.

"ಬಲಕ್ಕೆ," ಎಂದಳು.

"ಮಿಸೆಸ್ ಟೆಲ್ಫರ್, ಬಾಗಿಲು ಎಡಕ್ಕಿದೆ," ಎಂದ ಲಿಡ್ಡೆಲ್ ಮೆಲ್ಲಗೆ.

"ಗೊತ್ತು. ಮೂವತ್ತು ವರ್ಷ ಅಲ್ಲೇ ಅಡುಗೆ ಮಾಡಿದೀನಿ."

"ರಸ್ತೆಗಾದ್ರೆ ಮತ್ತೆ ಗಾಡಿಗೇ ಹಾಕ್ತೀವಿ. ಎರಡು ನಿಮಿಷ."

"ಗಾಡಿ ಬೇಡ. ಹೀಗೇ."

"ಮುಕ್ಕಾಲು ಮೈಲಿ ಏರುದಾರಿ ಮಿಸೆಸ್ ಟೆಲ್ಫರ್, ಲಾರಿ ಓಡಾಡೋ ರಸ್ತೆ. ನನಗೆ—"

"ಅಮ್ಮಾ." ಮ್ಯೂರಿಯಲ್ ತಾಯಿಯ ತೋಳು ಹಿಡಿದಳು. "ಜನ ನೋಡ್ತಿದಾರೆ. ಅವರು ಕಾಯ್ತಿದಾರೆ ಅಲ್ಲಿ. ಅಪ್ಪನಿಗೆ ಸಿಗ್ತಿರೋ ಮರ್ಯಾದೆ ಯಾಕೆ ಕಿತ್ಕೋತೀಯ?"

ಎಡ್ನಾ ತೋಳು ಬಿಡಿಸಿಕೊಂಡಳು. ಪೆಟ್ಟಿಗೆಯ ಕೆಳಗಿನಿಂದ ರಾಲ್ಫ್‌ನ ದನಿ ಬಂತು.

"ನಾನು ಕೇಳಿದ್ದು ಇದಲ್ಲ."

"ನಾನು ಮಾತು ಕೊಟ್ಟಿರಲಿಲ್ಲ. ಹೆಗಲು ಬಿಡೋದಿದ್ರೆ ಬಿಡು. ಆಲ್ಫ್ ನಿಲ್ತಾನೆ."

"ನಾನು ನಿಂತ್ರೆ ಇಬ್ಬರಿಗೂ ಒಂದೇ ಗುಂಡಿ ಸಾಕು," ಎಂದ ಆಲ್ಫ್. ಯಾರೂ ನಗಲಿಲ್ಲ. ಅವನು ಕೋಲನ್ನು ಲಿಡ್ಡೆಲ್‌ನ ಕೈಗೆ ಕೊಟ್ಟು ಕೋಟು ಬಿಚ್ಚತೊಡಗಿದ.

ರಾಲ್ಫ್ ತೆರೆದ ಬಾಗಿಲನ್ನು ನೋಡಿದ. ಓಣಿ ನಲವತ್ತು ಗಜ. ಏಳು ವರ್ಷ ಅರ್ಜಿ ಬರೆದವನು. ಅವನ ಕುತ್ತಿಗೆಯ ಮೇಲೆ ಪೆಟ್ಟಿಗೆಯ ಅಂಚು ಒತ್ತಿ ಕೆಂಪಾಗಿತ್ತು.

"ಕೋಟು ಹಾಕ್ಕೋ, ಮುದುಕ," ಎಂದ. ಬಲಗಾಲು ಎತ್ತಿ ಬಲಕ್ಕೆ ಇಟ್ಟ. ಮುಂದಿನವನು ತಿರುಗಿದ ಮೇಲೆ ಉಳಿದ ಐವರೂ ತಿರುಗಬೇಕಾಯಿತು.

ರಸ್ತೆಯಲ್ಲಿ ನಡೆಯುವವರಿಗೆ ಅಂಚು ಇರಲಿಲ್ಲ. ಎಡ್ನಾ ಪೆಟ್ಟಿಗೆಯ ಹಿಂದೆ ಡಾಂಬರಿನ ಮೇಲೇ ನಡೆದಳು. ಮೊದಲು ಒಂದು ಬ್ರೆಡ್ಡಿನ ಲಾರಿ ಹಿಂದಿನಿಂದ ಬಂತು. ಚಾಲಕ ವೇಗ ತಗ್ಗಿಸಿದ. ಅದರ ಹಿಂದೆ ಒಂದು ಕಾರು, ಆಮೇಲೆ ಹಾಲಿನ ಟ್ಯಾಂಕರು. ಡೆರೆಕ್ ಏದುಸಿರು ಬಿಡುತ್ತಿದ್ದ. ಎರಡನೆಯ ತಿರುವಿನಲ್ಲಿ ಹೊಲದ ಕಲ್ಲುಗೋಡೆ ತಗ್ಗಾಗಿ, ಮೇಲೆ ಚಪ್ಪಟೆಯಾಗಿತ್ತು.

"ಇಲ್ಲಿ ಇಳಿಸಿ," ಎಂದ ರಾಲ್ಫ್.

ಪೆಟ್ಟಿಗೆಯನ್ನು ಗೋಡೆಯ ಮೇಲಿಟ್ಟರು. ಗಂಡಸರು ಹೆಗಲು ತಿಕ್ಕಿಕೊಂಡರು. ಎಡ್ನಾ ಪೆಟ್ಟಿಗೆಯ ಪಕ್ಕದಲ್ಲಿ ಗೋಡೆಯ ಮೇಲೇ ಕೂತಳು. ರಾಲ್ಫ್ ಅವಳ ಹತ್ತಿರ ಬಂದು ನಿಂತ.

"ನಾವೂ ಇಲ್ಲೇ ಇಳಿಸಿದ್ವಿ. ಅಪ್ಪ ಕೂತಿದ್ದು ನೀವು ಕೂತಿರೋ ಜಾಗದಲ್ಲೇ. ಒಂದು ಗಂಟೆ ಏಳಲಿಲ್ಲ. ಅಮ್ಮನ ಮೇಲೆ ಬೀಳ್ತಿದ್ದ ಹಿಮಾನ ಟೋಪೀಲಿ ಒರೆಸ್ತಾನೇ ಇದ್ರು."

ಲಾರಿಯ ಎಂಜಿನ್ ನಿಂತಿತು.

"ಅವನು ಅಗಳಿ ಎತ್ತಿದ್ದ ರಾಲ್ಫ್," ಎಂದಳು ಎಡ್ನಾ. "ಮನೆ ಅಂತ ನೆನಪು ಮಾಡಿದ್ದು ನಾನು."

"ಗೊತ್ತು."

ಅವಳು ತಲೆಯೆತ್ತಿದಳು.

"ನಾನು ಆವತ್ತೂ ಮುಂದೇನೇ ಇದ್ದೆ, ಎಡಕ್ಕೆ. ಮರದ ಬಾಗಿಲು, ಮಿಸೆಸ್ ಟೆಲ್ಫರ್. ಎಲ್ಲ ಕೇಳಿಸಿತು." ಅವನು ಟೋಪಿಯನ್ನು ಜೇಬಿಗೆ ತುರುಕಿದ. "ನಾನು ಅಪ್ಪನಿಗೆ ಹೇಳಲಿಲ್ಲ. ನಿಮ್ಮ ಗಂಡ ಏನಾದ್ರೂ ಹೇಳ್ತಾರಾ ಅಂತ ನೋಡ್ತಿದ್ದೆ. ಹೇಳಲಿಲ್ಲ."

ಎಡ್ನಾ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಮರ ತಣ್ಣಗಿತ್ತು. ಕೈ ಅಲ್ಲೇ ಇತ್ತು, ಲಿಡ್ಡೆಲ್ ಗಡಿಯಾರ ನೋಡಿ ಕೆಮ್ಮುವವರೆಗೆ.

"ಎತ್ತೋಣ," ಎಂದ ರಾಲ್ಫ್.

ಚರ್ಚು ತಲುಪುವ ಹೊತ್ತಿಗೆ ಹಿಂದೆ ಹದಿನಾಲ್ಕು ವಾಹನಗಳು ಸಾಲುಗಟ್ಟಿದ್ದವು. ಒಂದೂ ಮುಂದೆ ಹಾಯಲಿಲ್ಲ. ಪ್ರಾರ್ಥನೆ ಹನ್ನೊಂದಕ್ಕೆ ಇತ್ತು. ಹನ್ನೊಂದು ಇಪ್ಪತ್ತಾರಕ್ಕೆ ಶುರುವಾಯಿತು.